ಚಳಿಗಾಲದಲ್ಲಿ ಕೊಡಚಾದ್ರಿ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನಲ್ಲಿ, ಕರಾವಳಿಯನ್ನು ಇಣುಕಿ ನೋಡುವಂತೆ ಘಟ್ಟದ ಅಂಚಿನಲ್ಲಿ ನಿಂತಿರುವ ಬೆಟ್ಟ ಕೊಡಚಾದ್ರಿ. ಸಮುದ್ರಮಟ್ಟದಿಂದ ಅದರ ಎತ್ತರ 1343 ಮೀಟರ್. ಮಳೆಗಾಲದಲ್ಲಿ ಹತ್ತಲು ಹೊರಟರೆ ಮುಂದೆ ನಡೆಯುವವರ ಬೆನ್ನೂ ಮಂಜಿನಲ್ಲಿ ಮರೆಯಾಗುತ್ತದೆ. ಇಂಬಳಗಳ ಕಾಟ ಬೇರೆ. ಬೇಸಿಗೆಯಲ್ಲಿ ನೆತ್ತಿ ಸುಡುವ ಬಿಸಿಲು. ಮನೆಮಂದಿಯೊಂದಿಗೆ ಹೋಗುವವರಿಗೆ ಡಿಸೆಂಬರ್, ಜನವರಿ ತಿಂಗಳುಗಳೇ ಸೂಕ್ತ.

ಸಾಗರದಿಂದ ಹೊರಟ ನಮ್ಮ ತಂಡದಲ್ಲಿ ತಂಗಿಯ ಸಂಸಾರವೂ ಸೇರಿ ಏಳು ಮಂದಿ. "ಹೆಂಗಸರಿಗೆ ಬೆಟ್ಟ ಹತ್ತುವ ಉಸಾಬರಿ ಯಾಕೆ? ಜೀಪಿನಲ್ಲಿ ಹೋಗಿ ಬನ್ನಿ" ಎಂದವರಿದ್ದರು. ನನ್ನ ಮನೆಯವಳು ನಕ್ಕು, "ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಗುಡ್ಡ ಇಳಿಯುವವರೂ ಹೆಂಗಸರೇ ಅಲ್ಲವೇ?" ಎಂದು ಕೇಳಿದಳು. ಅದಕ್ಕೆ ಉತ್ತರ ಬರಲಿಲ್ಲ.

ದಾರಿಯಲ್ಲಿ ನಗರದ ಕೋಟೆ ಸಿಗುತ್ತದೆ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು 1763ರಲ್ಲಿ ಹೈದರಾಲಿ ಗೆದ್ದುಕೊಂಡು ಹೈದರ್‌ನಗರ ಎಂದು ಕರೆದ. ಜನರ ಬಾಯಲ್ಲಿ ಈಗ ಉಳಿದಿರುವುದು ಬರೀ ನಗರ. ಅಲ್ಲಿಂದ ಸಂಪೆಕಟ್ಟೆ ದಾಟಿದರೆ ಬೆಟ್ಟದ ಬುಡ.

ಹಿಡ್ಲುಮನೆ ಜಲಪಾತದ ಬದಿಯ ಕಾಲುದಾರಿ ಕಡಿದಾದುದು. ಮಕ್ಕಳಿದ್ದುದರಿಂದ ನಾವು ಜೀಪುಗಳು ಓಡಾಡುವ ಮಣ್ಣಿನ ದಾರಿಯಲ್ಲೇ ನಡೆದೆವು. ಕೆಳಗೆ ದಟ್ಟ ಕಾಡು, ಎಲೆಗಳಿಂದ ತೊಟ್ಟಿಕ್ಕುವ ಇಬ್ಬನಿ. ಮೇಲೇರಿದಂತೆ ಮರಗಳು ಕಣಿವೆಗಳ ಮಡಿಲಿಗೆ ಸರಿದು ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಇವೇ ಶೋಲಾ ಕಾಡುಗಳು. ಮಳೆಗಾಲದ ನೀರನ್ನು ಹುಲ್ಲಿನ ಬೇರು ಮತ್ತು ಕಾಡಿನ ಮಣ್ಣು ಹಿಡಿದಿಟ್ಟುಕೊಂಡು ಮೆಲ್ಲನೆ ಬಿಟ್ಟುಕೊಡುವುದರಿಂದಲೇ ಮಳೆ ನಿಂತು ತಿಂಗಳುಗಳಾದರೂ ತೊರೆಗಳು ಹರಿಯುತ್ತವೆ. ಕೆಳಗಿನ ಗದ್ದೆ, ತೋಟಗಳ ಬದುಕು ಈ ಹುಲ್ಲಿನ ಹಂಗಿನಲ್ಲಿದೆ. ಚಳಿಗಾಲ ಕಳೆಯುವ ಹೊತ್ತಿಗೆ ಅದು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಆಗ ಬೀಡಿಯ ಒಂದು ಕಿಡಿ ಸಾಕು, ಇಡೀ ಗುಡ್ಡ ಬೂದಿಯಾದೀತು.

ಮೂಕಾಂಬಿಕೆಯ ದೇವಸ್ಥಾನ ದಾಟಿ ಇನ್ನೂ ಮೇಲೇರಿದರೆ ಸರ್ವಜ್ಞ ಪೀಠವೆಂಬ ಪುಟ್ಟ ಕಲ್ಲಿನ ಮಂಟಪ. ಶಂಕರಾಚಾರ್ಯರು ಇಲ್ಲಿ ಧ್ಯಾನ ಮಾಡಿದರೆಂದು ಭಕ್ತರ ನಂಬಿಕೆ. ಪಶ್ಚಿಮಕ್ಕೆ ಕರಾವಳಿಯ ಬಯಲು. ಆಕಾಶ ತಿಳಿಯಾಗಿದ್ದರೆ ಅರಬ್ಬೀ ಸಮುದ್ರ. ಇನ್ನೊಂದು ಕಡೆ ಘಟ್ಟದ ಸಾಲುಗಳ ನಡುವೆ ಜಲಾಶಯಗಳ ನೀರು ಮಿನುಗುತ್ತದೆ. ಮಾತು ತಾನಾಗಿಯೇ ನಿಂತುಹೋಯಿತು.

ತಕರಾರು ಶುರುವಾದದ್ದು ಅಲ್ಲಿಯೇ. ಸೂರ್ಯಾಸ್ತ ನೋಡಿಯೇ ಇಳಿಯಬೇಕೆಂದು ತಂಗಿಯ ಮಗಳು ಹಟ ಹಿಡಿದಳು. "ಮಾಮಾ, ಇಷ್ಟು ದೂರ ಬಂದದ್ದು ಮತ್ಯಾಕೆ?" ಅವಳ ಮಾತಿನಲ್ಲೂ ನ್ಯಾಯವಿತ್ತು. ಆದರೆ ಡಿಸೆಂಬರಿನಲ್ಲಿ ಸಂಜೆ ಆರೂಕಾಲರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಕಾಡಿನೊಳಗೆ ಕತ್ತಲು ಅದಕ್ಕೂ ಮೊದಲೇ ಕವಿಯುತ್ತದೆ. ದಾರಿಯ ತುಂಬ ಜಾರುವ ಕಲ್ಲು. ತಂಗಿಯ ಮೊಣಕಾಲು ಆಗಲೇ ನೋಯುತ್ತಿತ್ತು. ಅಸರ್ ಹೊತ್ತಿಗೆ ಮೊದಲೇ ಇಳಿಯತೊಡಗಿದೆವು. ಹುಡುಗಿ ಅರ್ಧ ದಾರಿಯವರೆಗೂ ಮಾತಾಡಲಿಲ್ಲ. ಕೊನೆಯ ಇಳಿಜಾರಿನಲ್ಲಿ ತನ್ನ ತಾಯಿಯ ಕೈಹಿಡಿದು ಇಳಿಸಿದವಳೂ ಅವಳೇ. ಬುಡ ಮುಟ್ಟುವಾಗ ಕತ್ತಲಾಗಿತ್ತು. "ಇಳಿದದ್ದೇ ಒಳ್ಳೆಯದಾಯ್ತು ಮಾಮಾ" ಎಂದಳು.

ಸೂರ್ಯಾಸ್ತವನ್ನೇ ನೋಡಬೇಕೆನ್ನುವವರಿಗೆ ತೀರ್ಥಹಳ್ಳಿ ತಾಲೂಕಿನ ಆಗುಂಬೆಯಿದೆ. ಅಲ್ಲಿ ರಸ್ತೆಯ ಬದಿಯಲ್ಲೇ ನಿಂತು ನೋಡಬಹುದು, ವಯಸ್ಸಾದವರನ್ನೂ ಕರೆದೊಯ್ಯಬಹುದು. ಕೊಡಚಾದ್ರಿಗೆ ಹೋಗುವವರು ಅರಣ್ಯ ಇಲಾಖೆಯ ಅನುಮತಿ, ಶುಲ್ಕಗಳನ್ನು ಮೊದಲೇ ವಿಚಾರಿಸಿ. ಬೆಳಿಗ್ಗೆ ಬೇಗ ಹೊರಡಿ. ಕುಡಿಯುವ ನೀರು, ಬುತ್ತಿ, ಸ್ವೆಟರ್, ಟಾರ್ಚ್ ಜೊತೆಗಿರಲಿ. ಕೊಂಡೊಯ್ದ ಪ್ಲಾಸ್ಟಿಕ್ಕನ್ನು ಹಾಗೆಯೇ ಮರಳಿ ತನ್ನಿ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ; ನಾವು ಕ್ಷೇಮವಾಗಿ ಮನೆ ಸೇರಿದರೆ ಇನ್ನೊಮ್ಮೆ ಹತ್ತಬಹುದು.