ಬೋರ್ಡ್ ಹೊಡೆಯುವ ಮುಂಚೆ ಗೋಡೆ ಒಣಗಲಿ



ನಮ್ಮ ಸಭಾಭವನದ ಕೆಳಗಿನ ಕೋಣೆ ನಿಮಗೆಲ್ಲ ಗೊತ್ತು. ಇಳಿಜಾರಿನಲ್ಲಿ ಕಟ್ಟಿದ್ದರಿಂದ ಅದರ ಹಿಂಬದಿಯ ಕಲ್ಲುಗೋಡೆ ಅರ್ಧ ಮಣ್ಣೊಳಗಿದೆ. ತಾಳವಾಡಿಯಲ್ಲಿ ನಾಲ್ಕು ದಿನ ಮಳೆ ಹಿಡಿದರೆ ಸಾಕು, ಗೋಡೆ ಬೆವರುತ್ತಿತ್ತು, ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಸಂಜೆ ಓದಲು ಬರುವ ಮಕ್ಕಳಿಗಾಗಿ ಆ ಗೋಡೆಗೆ ಜಿಪ್ಸಮ್ ಬೋರ್ಡ್ ಹೊಡೆಯೋಣ, ಯುವಜನರೇ ಮಾಡೋಣ ಎಂದು ತೀರ್ಮಾನಿಸಿದೆವು. ಕುಟುಂಬಗಳು ಹಣ ಕೊಟ್ಟವು. ಕ್ರಿಸ್ಮಸ್‌ಗೆ ಮುಂಚೆ ಮುಗಿಯಲಿ ಎಂಬುದು ಎಲ್ಲರ ಆಸೆ.

ಧರ್ಮಕೇಂದ್ರದ ಹಿರಿಯ ಮೇಸ್ತ್ರಿ ತಾತ ಗೋಡೆ ಮುಟ್ಟಿ ನೋಡಿ, "ಹಸಿ ಗೋಡೆಗೆ ಬೋರ್ಡ್ ಹೊಡೆದ್ರೆ ಹುಣ್ಣಿಗೆ ರೇಷ್ಮೆ ಸುತ್ತಿದಂಗೆ ಕಣಪ್ಪ" ಎಂದರು.

ಜಿಪ್ಸಮ್ಮಿನ ಹರಳಿನೊಳಗೆ ತೂಕದ ಸುಮಾರು ಐದನೇ ಒಂದು ಭಾಗ ನೀರೇ ಇರುತ್ತದೆ. ಬೆಂಕಿ ಬಿದ್ದಾಗ ಆ ನೀರು ಆವಿಯಾಗಿ ಶಾಖ ಹರಡುವುದನ್ನು ತಡೆಯುತ್ತದೆ. ಆದರೆ ಹೊರಗಿನ ನೀರು ಸೇರಿದರೆ ಬೋರ್ಡ್ ಮೆತ್ತಗಾಗುತ್ತದೆ, ಅದರ ಕಾಗದಕ್ಕೆ ಬೂಷ್ಟು ಬರುತ್ತದೆ.

ನವೆಂಬರ್ ಮಳೆಯಲ್ಲಿ ಒಂದು ಪರೀಕ್ಷೆ ಮಾಡಿದೆವು. ಎರಡಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಟ್ಟೆವು. ಹನಿ ಹಾಳೆಯ ಹೊರಗೆ ಕಟ್ಟಿದ್ದರೆ ಅದು ಕೋಣೆಯ ಗಾಳಿಯ ತೇವ. ನಮಗೆ ಕಂಡದ್ದು ಹಾಳೆಯ ಒಳಗೆ, ಗೋಡೆಯ ಕಡೆ.

"ದುಡ್ಡು ಕೊಟ್ಟವರಿಗೆ ಏನು ತೋರಿಸ್ತೀರಿ?" ಎಂದು ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆ ವರ್ಷ ಹತ್ತನೇ ತರಗತಿಯ ಮಕ್ಕಳು ಪರೀಕ್ಷೆಗೆ ದೇವಾಲಯದ ಜಗುಲಿಯ ಚಳಿಯಲ್ಲೇ ಕೂತು ಓದಿದರು. ನಾವು ಪ್ರತಿ ಶನಿವಾರ ಗೋಡೆಯ ಹಿಂದಿನ ಮಣ್ಣು ತೆಗೆದು, ಚರಂಡಿ ತೋಡಿ, ಜಲ್ಲಿ ತುಂಬಿದೆವು. ಬಲಿಪೂಜೆಗೆ ಬಂದವರಿಗೆ ಕಂಡದ್ದು ಮಣ್ಣಿನ ಗುಡ್ಡೆ ಮಾತ್ರ.

ಆ ದಿನಗಳಲ್ಲಿ ನೆಹೆಮೀಯನ ಗ್ರಂಥದ 3ನೇ ಅಧ್ಯಾಯ ಓದಿದೆವು. ಜೆರುಸಲೇಮಿನ ಗೋಡೆ ಎತ್ತಿದವರಲ್ಲಿ ಅಕ್ಕಸಾಲಿಗರಿದ್ದರು, ಸುಗಂಧ ತಯಾರಿಸುವವರಿದ್ದರು, ಒಬ್ಬ ಅಧಿಕಾರಿಯ ಹೆಣ್ಣುಮಕ್ಕಳೂ ಇದ್ದರು. ನಮ್ಮಲ್ಲೂ ಗಾರೆ ಕೆಲಸ ಕಲಿತವರು ಯಾರೂ ಇರಲಿಲ್ಲ.

ಮೇ ತಿಂಗಳ ಮಳೆಗೆ ಅದೇ ಪರೀಕ್ಷೆ ಮತ್ತೆ ಮಾಡಿದಾಗ ಹಾಳೆಯ ಒಳಗೆ ಒಂದು ಹನಿಯೂ ಇರಲಿಲ್ಲ. ಆಮೇಲೆ ಚಾಮರಾಜನಗರದಿಂದ ತೇವ ತಡೆಯುವ ಹಸಿರು ಬೋರ್ಡ್ ತಂದೆವು. ಕಲ್ಲಿಗೆ ತಾಗದಂತೆ ಜಿಐ ಪಟ್ಟಿಗಳ ಚೌಕಟ್ಟು ನಿಲ್ಲಿಸಿ, ಎರಡೆರಡು ಅಡಿಗೆ ಒಂದು ಕಂಬ ಕೊಟ್ಟೆವು. ಬೋರ್ಡಿನ ಕೆಳಗೆ ನೆಲದಿಂದ 10 ಮಿ.ಮೀ. ಜಾಗ ಬಿಟ್ಟೆವು. ಸ್ಕ್ರೂ ತಲೆ ಕಾಗದದ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗೆ ಕೂರಬೇಕು. ಕಾಗದ ಹರಿದರೆ ಹಿಡಿತವಿಲ್ಲ. ಇದರಲ್ಲಿ ನಮ್ಮ ಹುಡುಗಿಯರ ಕೈಯೇ ಮೇಲಾಯಿತು.

ಗೋಡೆ ಈಗ ನುಣುಪಾಗಿದೆ, ನೋಡಿದವರು ಹೊಗಳುತ್ತಾರೆ. ಚರಂಡಿಯನ್ನು ಯಾರೂ ನೋಡುವುದಿಲ್ಲ. ಗೋಡೆ ನಿಂತಿರುವುದು ಅದರಿಂದ. ನಮ್ಮ ಮನೆಗಳಲ್ಲೂ ಮನಸ್ಸುಗಳಲ್ಲೂ ಹಬ್ಬಕ್ಕೆಂದು ಮುಚ್ಚಿಟ್ಟ ಹಸಿ ಜಾಗಗಳಿವೆ. ಒಣಗಲು ಅವಕ್ಕೂ ಸಮಯ ಕೊಡೋಣ, ದೇವರು ಆ ತಾಳ್ಮೆ ಕೊಡಲಿ.

ಮುಂದಿನ ಶನಿವಾರ ಬಣ್ಣ ಬಳಿಯುತ್ತೇವೆ. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ.