ಎಲ್ಲವೂ ಹಂದಿಯ ಲೆಕ್ಕಕ್ಕೆ

ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿ ಏನೇ ಹಾಳಾದರೂ ಅದು ಹಂದಿಯ ಲೆಕ್ಕಕ್ಕೆ ಹೋಗುತ್ತದೆ. ಭತ್ತ ಮಲಗಿದರೆ ಹಂದಿ, ಬಾಳೆಯ ಬುಡ ಬಗೆದರೆ ಹಂದಿ, ಗೆಣಸು ಮಾಯವಾದರೆ ಹಂದಿ. ಈ ದೂರುಗಳಲ್ಲಿ ಬಹುಪಾಲು ನಿಜವೇ ಆಗಿರುವುದರಿಂದ ಉಳಿದದ್ದನ್ನು ಯಾರೂ ಪರೀಕ್ಷೆ ಮಾಡಲು ಹೋಗುವುದಿಲ್ಲ. ನಾನೂ ಹೋಗಲಿಲ್ಲ. ಅದರಿಂದ ದುಡ್ಡು ಎಷ್ಟು ಹೋಯಿತೆಂದು ಮನೆಯವರಿಗೆಲ್ಲ ಗೊತ್ತು. ದುಡ್ಡಲ್ಲದೆ ಹೋದದ್ದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನಮ್ಮ ತೋಟ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿದೆ, ಮೇಲೆ ಸೊಪ್ಪಿನ ಬೆಟ್ಟ. ಉತ್ತರ ಕನ್ನಡದ ತೋಟಿಗರಿಗೆ ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದದ್ದು. ನಾವು ಹಗಲು ಸೊಪ್ಪು, ದರಕು ಹೊತ್ತು ತರುವ ಕಾಲುದಾರಿಯಲ್ಲೇ ರಾತ್ರಿ ಪ್ರಾಣಿಗಳು ಇಳಿಯುತ್ತವೆ. ಹಳೆಯ ಮರ ಬಿದ್ದ ಜಾಗಗಳಲ್ಲಿ ಹಾಕಿದ್ದ ಅಡಿಕೆ ಸಸಿಗಳು ಒಂದು ಮಳೆಗಾಲದ ಕೊನೆಗೆ ಒಂದೊಂದಾಗಿ ಮಲಗತೊಡಗಿದವು. ಬುಡದ ಹತ್ತಿರ ಕಡಿದು, ಒಳಗಿನ ಮೆತ್ತನೆಯ ತಿರುಳು ತಿಂದು, ಹಸಿರು ಸೋಗೆಯನ್ನು ಹಾಗೇ ಬಿಟ್ಟು ಹೋಗಿತ್ತು. ಪಕ್ಕದ ಕಾದಿಗೆಯ ಏರಿಯಲ್ಲಿ ಮಣ್ಣು ಗೇಣುದ್ದ ಮಗುಚಿತ್ತು. ಅಲ್ಲೇ ಕೆಸರಿನಲ್ಲಿ ಎರಡು ಗೊರಸು, ಅದರ ಹಿಂದೆ ತುಸು ಅಗಲಕ್ಕೆ ಊರಿದ ಎರಡು ಚಿಕ್ಕ ಗುರುತು. ಹಂದಿಯ ಹೆಜ್ಜೆ ಎನ್ನಲು ಇಷ್ಟು ಸಾಕು. ಜಿಂಕೆ, ಕಡವೆಗಳ ಹೆಜ್ಜೆಯಲ್ಲಿ ಆ ಹಿಂದಿನ ಜೋಡಿ ಮೂಡುವುದು ತೀರಾ ಕೆಸರಿದ್ದರೆ ಮಾತ್ರ.

ಹೆಜ್ಜೆಯನ್ನು ನಾನು ಸರಿಯಾಗಿಯೇ ಓದಿದ್ದೆ. ಹಂದಿ ಬಂದದ್ದು ಹೌದು, ಆದರೆ ದರಕಿನ ಅಡಿಯ ಎರೆಹುಳಕ್ಕಾಗಿ ಬಂದಿತ್ತು. ಸಸಿಯ ಸುತ್ತಲಿನ ಮಣ್ಣು ಕದಡಿರಲೇ ಇಲ್ಲ. ಮೂತಿಯಿಂದ ನೆಲ ಅಗೆದು ತಿನ್ನುವ ಪ್ರಾಣಿ ಬುಡದ ಮಣ್ಣು ಮುಟ್ಟದೆ ಕಾಂಡವನ್ನಷ್ಟೇ ತಿಂದು ಹೋದದ್ದು ಹೇಗೆ ಎಂದು ನನಗೆ ಹೊಳೆಯಲಿಲ್ಲ. ತೋಟದ ಕೆಲಸಕ್ಕೆ ಬರುವ ಹಿರಿಯನಿಗೆ ಹೊಳೆದಿತ್ತು. ಬಿದ್ದ ಸಸಿಯ ಮೋಟನ್ನು ಬೆರಳಿನಿಂದ ಸವರಿ ನೋಡಿ, “ಹಂದಿ ಇಷ್ಟು ಚೊಕ್ಕ ಕಡೀತದಾ ಹೆಗಡೇರೇ?” ಎಂದು ಕೇಳಿದ. ನಾನು ನಕ್ಕು ಮುಂದೆ ಹೋದೆ. ಕೂಲಿಗೆ ಬರುವವರ ಮಾತಿಗೆ ನಾವು ತೋಟಿಗರು ಎಷ್ಟು ಕಿವಿ ಕೊಡುತ್ತೇವೆ ಎಂಬುದನ್ನು ಬರೆಯಹೊರಟರೆ ಅದೇ ಇನ್ನೊಂದು ಲೇಖನವಾದೀತು.

ಭಾವ ಬಂದು ನೋಡಿದ. “ಹಂದಿನೇಯ ಇದು, ಮತ್ತೆಂತು?” ಎಂದ. ನನಗೆ ಬೇಕಾಗಿದ್ದದ್ದು ಆ ಮಾತೇ. ಸೋಲಾರ್ ಬೇಲಿ ಹಾಕಿಸಿದೆ.

ಆ ಬೇಲಿಯ ಮೇಲೆ ಈಗಲೂ ನನಗೆ ಸಿಟ್ಟಿಲ್ಲ, ಅದು ತನ್ನ ಕೆಲಸ ಮಾಡಿತು. ಸುಮಾರು ಸೆಕೆಂಡಿಗೊಮ್ಮೆ ತಂತಿಯಲ್ಲಿ ಸಾವಿರಾರು ವೋಲ್ಟಿನ ಹೊಡೆತ ಕ್ಷಣಮಾತ್ರ ಹರಿಯುತ್ತದೆ. ಪ್ರಾಣ ತೆಗೆಯುವುದಿಲ್ಲ, ಹೆದರಿಸುತ್ತದೆ. ಹಂದಿ ಹೊಸತೇನು ಕಂಡರೂ ಒದ್ದೆ ಮೂಗಿನಿಂದ ಮೂಸುವ ಪ್ರಾಣಿಯಾದ್ದರಿಂದ ಅದಕ್ಕೆ ತಾಗಬೇಕಾದಲ್ಲೇ ತಾಗುತ್ತದೆ. ಏರಿ ಮಗುಚುವುದು ನಿಂತಿತು. ಸಸಿ ಬೀಳುವುದು ನಿಲ್ಲಲಿಲ್ಲ. ಬೇಲಿಯವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಪಾಪ, ಬಂದು ತಂತಿಗೆ ತಾಗಿದ ಹುಲ್ಲನ್ನೆಲ್ಲ ಸವರಿದ. ಮಳೆಗಾಲದಲ್ಲಿ ಒದ್ದೆ ಹುಲ್ಲು ತಾಗಿದರೆ ಹೊಡೆತವೆಲ್ಲ ನೆಲಕ್ಕಿಳಿದು ಬೇಲಿ ಸಪ್ಪೆಯಾಗುತ್ತದೆ. ಮೀಟರು ಹಿಡಿದು ತೋರಿಸಿದ, ವೋಲ್ಟೇಜು ಸರಿಯಾಗಿಯೇ ಇತ್ತು. ಮರುದಿನ ಬೆಳಿಗ್ಗೆ ಮತ್ತೊಂದು ಸಸಿ ಮಲಗಿತ್ತು. ಈ ಹಂದಿ ಭಾರೀ ಚಾಲಾಕಿ ಎಂದುಕೊಂಡೆ. ತಪ್ಪಿಗೆ ಪುರಾವೆ ಸಾಲದಿದ್ದಾಗ ಪ್ರಾಣಿಗೆ ಬುದ್ಧಿ ಜಾಸ್ತಿ ಮಾಡುವುದು ಸುಲಭ.

ಊರಿನ ಹುಡುಗನೊಬ್ಬ ಉರುಳು ಇಡುತ್ತೇನೆಂದ. ಬೈಕಿನ ಕ್ಲಚ್ ತಂತಿ ಸಾಕು, ಯಾರಿಗೂ ಗೊತ್ತಾಗುವುದಿಲ್ಲ ಎಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉರುಳಿಡುವುದೂ ಬೇಟೆಯೇ. ಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಬಿದ್ದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿಲ್ಲ! ಎಲ್ಲ ಗೊತ್ತಿದ್ದೂ ನಾನು ಇಡು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವನಿಗೆ ಅಷ್ಟು ಸಾಕಾಯಿತು. ಉರುಳಿಗೆ ಬಿದ್ದದ್ದು ಕೆಳಗಿನ ಮನೆಯ ನಾಯಿ. ರಾತ್ರಿಯೆಲ್ಲ ಎಳೆದಾಡಿ ಮುಂಗಾಲು ಮೂಳೆಯವರೆಗೆ ಕತ್ತರಿಸಿಹೋಗಿತ್ತು. ಬದುಕಿತು, ಆದರೆ ಕಾಲು ಉಳಿಯಲಿಲ್ಲ. ಆ ಮನೆಯ ದೊಡ್ಡಮ್ಮ ನಮ್ಮ ಜಗಲಿಗೆ ಬಂದು, “ಯಾರು ಇಟ್ಟಿದ್ದು ಗೊತ್ತಿದ್ದಾ ತಮಾ?” ಎಂದು ಕೇಳಿದಳು. “ಗೊತ್ತಿಲ್ಲೆ ದೊಡ್ಡಮ್ಮ” ಎಂದೆ.

ಕಾಡು ಪ್ರಾಣಿಗಳ ಫೋಟೋ ತೆಗೆಯುವ ಹುಚ್ಚಿನ ನೆಂಟನೊಬ್ಬನ ಹತ್ತಿರ ಕ್ಯಾಮೆರಾ ತಂದದ್ದು ಅದಾದ ಮೇಲೆ. 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿ ಎಣಿಸಲು ಬಳಸಿದ ಬಗೆಯದು, ಈಗ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಬಿಸಿ ಮೈಯ ಪ್ರಾಣಿ ಎದುರು ಹಾದರೆ ತಾನೇ ಚಿತ್ರ ತೆಗೆಯುತ್ತದೆ. ಮೊದಲು ಸಿಕ್ಕಿದ್ದು ನಮ್ಮದೇ ಕರು. ಬಾಳೆಯ ಎಳೆಯ ಎಲೆಗಳನ್ನು ಯಾರು ಹರಿಯುತ್ತಿದ್ದಾರೆಂದು ಮನೆಯವಳು ಬೇಸಿಗೆಯಿಡೀ ಕೇಳಿದ್ದಳು, ಅದಕ್ಕೂ ಹಂದಿ ಎಂದಿದ್ದೆ. ದನವಾಗಲಿ ಜಿಂಕೆಯಾಗಲಿ, ಮೇಲ್ದವಡೆಯಲ್ಲಿ ಮುಂಹಲ್ಲಿಲ್ಲದ್ದರಿಂದ ಕಚ್ಚಿ ಎಳೆದು ಹರಿಯುತ್ತವೆ, ತುದಿ ಸಿಬಿರು ಸಿಬಿರಾಗಿರುತ್ತದೆ. ಮೊಲ ತಿಂದರೆ ಓರೆಯಾಗಿ ಕತ್ತಿಯಲ್ಲಿ ಕೊಯ್ದ ಹಾಗಿರುತ್ತದೆ. ಇಷ್ಟನ್ನು ತಿಳಿಯಲು ಕ್ಯಾಮೆರಾ ಬೇಕಿರಲಿಲ್ಲ, ಬಗ್ಗಿ ನೋಡಿದ್ದರೆ ಸಾಕಿತ್ತು.

ಆಮೇಲಿನ ಚಿತ್ರದಲ್ಲಿ ಎರಡು ಮುಳ್ಳುಹಂದಿಗಳು ಬೇಲಿಯ ಕೆಳತಂತಿಯ ಅಡಿಯಲ್ಲಿ ನುಸುಳುತ್ತಿದ್ದವು. ಹಂದಿ ಎಂಬುದು ಹೆಸರಿನಲ್ಲಷ್ಟೇ. ಮುಳ್ಳುಹಂದಿ ಇಲಿ, ಅಳಿಲುಗಳ ಕುಲದ್ದು, ಬಾಳುವುದು ಹೆಚ್ಚಾಗಿ ಜೋಡಿಯಾಗಿ, ದೊಡ್ಡದು 11ರಿಂದ 18 ಕಿಲೋ ತೂಗುತ್ತದೆ. ಮುಳ್ಳೆಂದರೆ ಗಟ್ಟಿಯಾದ ಕೂದಲು. ತಂತಿ ಬೆನ್ನಿಗೆ ಸವರಿದರೂ ಅದರ ಮೂಲಕ ಹೊಡೆತ ಮೈಗೆ ಸುಲಭದಲ್ಲಿ ಇಳಿಯುವುದಿಲ್ಲ. ಚಿತ್ರವನ್ನು ಹಿರಿಯನಿಗೆ ತೋರಿಸಿದೆ. ಅವನು ನೋಡಿ, ಮೋಟಿನ ಮೇಲಿನ ಗೀರುಗಳತ್ತ ಕೈಮಾಡಿದ. ಅಗಲ ಹಲ್ಲಿನ ಜೋಡಿ ಗೀರು, ಒಂದರ ಪಕ್ಕ ಒಂದು, ಸಸಿಯ ಸುತ್ತಲೂ. ಹೇಳಿದ್ದೆನಲ್ಲ ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಮುಂದಿನ ಪಾಠ ಅವನಿಂದಲೇ ಆಯಿತು. ಜರಡಿ ಹಿಡಿದ ನಯವಾದ ಮಣ್ಣನ್ನು ಕಾಲುದಾರಿಯಲ್ಲಿ ಹಾಸಿ, ಮಳೆ ಬಿದ್ದು ಅಳಿಸದ ಹಾಗೆ ಮೇಲೆ ಸೋಗೆ ಮುಚ್ಚಿಗೆ ಹಾಕಿ, ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಿ ನೋಡಬೇಕು. ಮುಳ್ಳುಹಂದಿಯ ಹಿಂಗಾಲಿನ ಗುರುತು ಪುಟ್ಟ ಮಗುವಿನ ಪಾದದ ಹಾಗೆ, ಆದರೆ ಎದುರಿಗೆ ಉಗುರು ಚುಚ್ಚಿದ ತೂತುಗಳು. ನಡುನಡುವೆ ಮುಳ್ಳು ಎಳೆದ ಗೆರೆ. ಬೇಲಿ ಸಂದಿನಲ್ಲಿ ಕಪ್ಪು ಬಿಳಿ ಪಟ್ಟೆಯ ಮುಳ್ಳೊಂದು ಸಿಕ್ಕಿದರೆ ಮಾತೇ ಮುಗಿಯಿತು. ಕಲ್ಲಿನ ಮೇಲೆ ಬೀಜ ತುಂಬಿದ ಹಿಕ್ಕೆ ಇದ್ದರೆ ಅದು ಕಬ್ಬೆಕ್ಕು, ಹಣ್ಣು ಬಾಳೆಯ ಗೊನೆ ತಿಂದದ್ದು ಯಾರೆಂದು ಹುಡುಕಬೇಕಿಲ್ಲ. ದೊಡ್ಡ ಮರವೊಂದರ ಕೆಳಗೆ ಸಿಪ್ಪೆ ಚೀಪಿದ ಅಡಿಕೆ ರಾಶಿಯಾಗಿ ಬಿದ್ದಿದ್ದರೆ ತಲೆಯೆತ್ತಿ ನೋಡಿ, ಬಾವಲಿಗಳು ನೇತಾಡುತ್ತಿರುತ್ತವೆ. ಎಳೆಯ ಕಾಯಿ ಕಿತ್ತು ಕಚ್ಚಿ ಬಿಸಾಡಿದ್ದು ಮಂಗ, ಅದು ಹಗಲಿನ ಕಳ್ಳ, ಸದ್ದು ಮಾಡಿಯೇ ಕದಿಯುತ್ತದೆ.

ಈಗ ಪ್ರತಿ ಸಸಿಗೂ ಸುತ್ತ ಗಟ್ಟಿ ಬಲೆ ಇದೆ, ಅಡಿ ಅಂಚನ್ನು ಮಣ್ಣಿನೊಳಗೆ ಹೂಳಿದ್ದೇವೆ. ಬೇಲಿಗೆ ಹೋದದ್ದರ ಮುಂದೆ ಇದರ ಖರ್ಚು ಏನೂ ಅಲ್ಲ. ಆದರೂ ಒಂದೆರಡು ಸಸಿ ಹೋಗುತ್ತವೆ. ದೊಡ್ಡಮ್ಮನಿಗೆ ನಿಜ ಹೇಳಲು ವರ್ಷ ಹಿಡಿಯಿತು. ಹೇಳಿದಾಗ ಅವಳು ತಟ್ಟೆಯಲ್ಲಿದ್ದ ಕವಳದಿಂದ ಕಣ್ಣೆತ್ತದೆ, ಆಗಲೇ ಗೊತ್ತಾಗಿತ್ತು ಎಂದಳು.

ಈ ವರ್ಷದ ಜಗಳ ತೆಂಗಿನದು. ಎಳೆಯ ಕಾಯಿಗಳು ತೊಟ್ಟಿನ ಹತ್ತಿರ ತೂತಾಗಿ ಉದುರುತ್ತಿವೆ. ಇಲಿ ಇರಬಹುದು, ಕೆಂದಳಿಲು ಇರಬಹುದು, ರಾತ್ರಿ ತೇಲಿ ಬರುವ ಹಾರುಬೆಕ್ಕೂ ಇರಬಹುದು. ಮರಕ್ಕೆ ತಗಡು ಸುತ್ತು ಎಂದು ಭಾವ ಒಂದೇ ಸಮನೆ ಹೇಳುತ್ತಿದ್ದಾನೆ. ಇಲಿಯಾದರೆ ತಗಡು ಸಾಕು, ಜಾರಿ ಬೀಳುತ್ತದೆ. ಸೋಗೆಯಿಂದ ಸೋಗೆಗೆ ಹಾರುವ ಅಳಿಲಾದರೆ ಕಾಂಡಕ್ಕೆ ಸುತ್ತಿದ ತಗಡಿನಿಂದ ಆಗುವುದೇನು? ಬೆಳಿಗ್ಗೆ ಎದ್ದೊಡನೆ ಒಮ್ಮೆ, ಕತ್ತಲಾಗುವ ಮುಂಚೆ ಒಮ್ಮೆ ಬಿದ್ದ ಕಾಯಿ ಹೆಕ್ಕಿ, ರಾತ್ರಿಯದ್ದು ಕೊಟ್ಟಿಗೆಯ ಬಲಕ್ಕೆ, ಹಗಲಿನದ್ದು ಎಡಕ್ಕೆ ಗುಡ್ಡೆ ಹಾಕುತ್ತಿದ್ದೇನೆ. ಸದ್ಯಕ್ಕೆ ಎಡದ ಗುಡ್ಡೆ ದೊಡ್ಡದಿದೆ. ತಗಡು ತಂದಿಲ್ಲ.