ಒಂದಂಗುಲದ ಓರೆ

ಒಂಟಿಕೊಪ್ಪಲಿನ ರಾಯರ ಮನೆಯ ಮುಂದೆ ನಿಂತಿರುವ ಅಂಬಾಸಿಡರ್ ಕಾರಿಗೆ ಆ ಬೀದಿಯಲ್ಲಿ ಮನುಷ್ಯರಿಗೆ ಸಲ್ಲುವಷ್ಟೇ ಮರ್ಯಾದೆ ಸಲ್ಲುತ್ತದೆ. ಅದು 1985ರ ಗಾಡಿ. ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲಿ ಈ ಕಾರುಗಳ ತಯಾರಿಕೆ ನಿಂತುಹೋದಾಗ ರಾಯರಲ್ಲಿಗೆ ಬಂದು ಸಂತಾಪ ಸೂಚಿಸಿದ ನೆರೆಯವರೂ ಉಂಟು. ಅಂಥ ಕಾರನ್ನು, ರಾಯರು ಮಗಳ ಮನೆಗೆಂದು ಪುಣೆಗೆ ಹೋಗಿ ತಿಂಗಳು ಕಳೆದು ಬರುವಷ್ಟರಲ್ಲಿ, ಮಗ ತಗ್ಗಿಸಿಬಿಟ್ಟಿದ್ದ.

ತಗ್ಗಿಸುವುದೆಂದರೆ ಕಾರಿನ ಮೈಯನ್ನು ನೆಲಕ್ಕೆ ಹತ್ತಿರ ತರುವುದು. ತರುಣರಿಗೆ ಅದರಲ್ಲಿ ಒಂದು ಚೆಲುವು ಕಾಣುತ್ತದೆ. ಹುಲಿ ಹೊಂಚುಹಾಕಿದಂತೆ ಕಾಣುತ್ತದೆಯೆಂದು ಮಗನ ವರ್ಣನೆ. ಬೆನ್ನು ಮುರಿದ ಎಮ್ಮೆಯಂತೆ ಕಾಣುತ್ತದೆಯೆಂದು ರಾಯರ ವರ್ಣನೆ. ಉಪಮೆಯ ವಿಷಯದಲ್ಲಿ ಇಬ್ಬರಿಗೂ ರಾಜಿಯಾಗಲಿಲ್ಲ. ಆದರೆ ಒಂದು ಸಂಗತಿಯನ್ನು ಇಬ್ಬರೂ ಒಪ್ಪಲೇಬೇಕಾಯಿತು: ಕಾರು ಬಲಕ್ಕೆ ವಾಲಿತ್ತು. ಎಡಗಡೆಗಿಂತ ಬಲಗಡೆ ಸರಿಯಾಗಿ ಒಂದು ಅಂಗುಲ ತಗ್ಗು.

ಮರುದಿನ ಹಳೆಯ ಮೇಸ್ತ್ರಿಗೆ ಕರೆ ಹೋಯಿತು. ಮೂವತ್ತು ವರ್ಷಗಳಿಂದ ಆ ಕಾರಿನ ನಾಡಿ ಹಿಡಿದವರು ಅವರು. ಬಂದವರೇ ಪಾನೆಗೆ ಕೈಹಾಕಲಿಲ್ಲ. ಮೊದಲು ಗಾರೆಯವರ ರಸಮಟ್ಟವನ್ನು ನೆಲದ ಮೇಲಿಟ್ಟು ನೋಡಿದರು. ನಾಲ್ಕು ಟೈರುಗಳ ಗಾಳಿಯನ್ನೂ ಸಮ ಮಾಡಿದರು. ಡಿಕ್ಕಿಯ ಮೂಲೆಯಲ್ಲಿ ಎಂದಿನಿಂದಲೋ ಬಿದ್ದಿದ್ದ ಸಾಮಾನುಗಳ ಚೀಲವನ್ನು ತೆಗೆಸಿದರು. ಆಮೇಲೆ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದರು. ನೆಲದಿಂದ ಅಳೆದರೆ ಟೈರು ಸವೆದಿರುವುದೂ ಲೆಕ್ಕಕ್ಕೆ ಸೇರಿಬಿಡುತ್ತದೆಯಂತೆ. ರೋಗಿಯ ನಾಲಗೆ ನೋಡುವುದಕ್ಕೆ ಮುಂಚೆ ದೀಪ ಹಚ್ಚುವ ವೈದ್ಯರ ಜಾತಿ ಅವರದು. ಅಂಥವರು ಈಗ ವಿರಳ.

ಈ ಕಾರಿನ ಮುಂಭಾಗವನ್ನು ಹೊತ್ತಿರುವುದು ಸುರುಳಿ ಸ್ಪ್ರಿಂಗಲ್ಲ; ಟಾರ್ಷನ್ ಬಾರ್ ಎಂಬ ಎರಡು ಉದ್ದನೆಯ ಉಕ್ಕಿನ ಸರಳುಗಳು. ಒದ್ದೆ ಬಟ್ಟೆಯ ಒಂದು ತುದಿಯನ್ನು ಗಟ್ಟಿಯಾಗಿ ಹಿಡಿದು ಇನ್ನೊಂದನ್ನು ಹಿಂಡಿದಂತೆ, ಚಕ್ರ ಮೇಲೆದ್ದಾಗಲೆಲ್ಲ ಸರಳು ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಸರಳಿನ ತುದಿಗಳಲ್ಲಿ ಸಣ್ಣ ಹಲ್ಲುಗಳಿವೆ. ಒಂದು ಹಲ್ಲು ಈಚೆಗೆ ಕೂರಿಸಿದರೆ ಮೈ ಏರುತ್ತದೆ, ಒಂದು ಹಲ್ಲು ಆಚೆಗಾದರೆ ಇಳಿಯುತ್ತದೆ. ಹಿಂಭಾಗದಲ್ಲಿ ಪಟ್ಟಾ ಸ್ಪ್ರಿಂಗುಗಳು. ಯಾವುದೋ ವರ್ಕ್‌ಷಾಪಿನ ಹುಡುಗ ಮುಂದಿನ ಎರಡು ಸರಳುಗಳನ್ನೂ ಒಂದೇ ಸಮಕ್ಕೆ ತಂದು ಕೂರಿಸಿ, ಹಿಂದೆ ಅಚ್ಚಿಗೂ ಪಟ್ಟಾಕ್ಕೂ ನಡುವೆ ಎರಡಂಗುಲದ ಕಬ್ಬಿಣದ ಗಟ್ಟಿಗಳನ್ನು ಇಟ್ಟಿದ್ದ.

"ಎರಡು ಕಡೆಗೂ ಒಂದೇ ಅಳತೆ ಇಡಿಸಿದ್ದೇನೆ. ಹಾಗಿದ್ದರೂ ವಾಲುವುದು ಹೇಗೆ?" ಎಂದು ಮಗ ಕೇಳಿದ.

ಮೇಸ್ತ್ರಿ ಉತ್ತರ ಹೇಳದೆ ಜಾಕನ್ನು ಮುಂದಿನ ಅಡ್ಡತೊಲೆಯ ನಟ್ಟನಡುವೆ ಕೊಟ್ಟು ಎತ್ತಿದರು. ಮುಂದಿನ ಚಕ್ರಗಳು ನೆಲ ಬಿಟ್ಟವು. ಈಗ ಮುಂದಿನ ಸರಳುಗಳ ಹಂಗಿಲ್ಲ. ಒಂದು ಬಿಂದುವಿನ ಮೇಲೆ ನಿಂತ ಮೈ ಹಿಂದಿನ ಸ್ಪ್ರಿಂಗುಗಳು ಹೇಳಿದಂತೆ ಕೇಳಬೇಕು. ಆಗಲೂ ಕಾರು ಬಲಕ್ಕೇ ವಾಲಿತು. ಜಾಕನ್ನು ಹಿಂದಿನ ಅಚ್ಚಿನ ನಡುವೆ ಕೊಟ್ಟಾಗ ಮೈ ನೆಟ್ಟಗೆ ನಿಂತಿತು.

"ಮುಂದುಗಡೆ ಏನೂ ತಪ್ಪಿಲ್ಲ. ಹಿಂದೆ ಬಲಗಡೆಯ ಪಟ್ಟಾ ಕುಸಿದಿದೆ" ಎಂದರು ಮೇಸ್ತ್ರಿ. ಸ್ವಲ್ಪ ಹೊತ್ತು ಬಿಟ್ಟು, "ಇವತ್ತು ನೆನ್ನೆ ಕುಸಿದದ್ದಲ್ಲ ಸ್ವಾಮಿ. 2011ರಲ್ಲೇ ನನಗೆ ಗೊತ್ತಿತ್ತು. ಪಟ್ಟಾ ಬಿಚ್ಚುವ ಖರ್ಚೇಕೆ ಎಂದು ನಾನೇ ಮುಂದಿನ ಬಲಗಡೆ ಸರಳನ್ನು ಒಂದು ಹಲ್ಲು ಹೆಚ್ಚು ಬಿಗಿದು ಓರೆಯನ್ನು ಮುಚ್ಚಿದ್ದೆ. ಈ ಹುಡುಗರು ಎರಡನ್ನೂ ಸಮ ಮಾಡಿದರು. ನನ್ನ ಕೈಚಳಕ ಬಯಲಾಯಿತು" ಎಂದರು.

ಕುಂಟುವ ಮೇಜಿನ ಕಾಲಿಗೆ ಕಾಗದ ಮಡಿಸಿ ಇಡುವುದು ಎಲ್ಲ ಮನೆಗಳಲ್ಲೂ ಉಂಟು. ಆದರೆ ಕಾರಿನಲ್ಲಿ ಹೀಗೆ ಮಾಡಿದರೆ ಓರೆ ಕಾಣದಂತಾದರೂ ಭಾರ ಮೂಲೆಯಿಂದ ಮೂಲೆಗೆ ತಪ್ಪಾಗಿ ಹಂಚಿಕೆಯಾಗುತ್ತದೆ. ಬ್ರೇಕು ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯಬಹುದು.

"ಬಲಗಡೆಯೇ ಏಕೆ ಕುಸಿಯಿತು?" ಎಂದ ಮಗ.

"ನಡೆಸುವವರು ಕೂರುವುದು ಬಲಕ್ಕೆ. ಎಡಕ್ಕೂ ಒಬ್ಬರಿದ್ದರೆ ಸರಿದೂಗುತ್ತದೆ. ಒಬ್ಬರೇ ಓಡಾಡಿದರೆ..." ಎಂದ ಮೇಸ್ತ್ರಿ ಮಾತನ್ನು ಅಲ್ಲಿಗೇ ನಿಲ್ಲಿಸಿ ಪಾನೆ ಒರೆಸತೊಡಗಿದರು.

ರಾಯರ ಪತ್ನಿ ತೀರಿಕೊಂಡದ್ದು 2003ರಲ್ಲಿ. ಮಗ ಆಗ ಮಿಡ್ಲ್ ಸ್ಕೂಲಿನಲ್ಲಿದ್ದ. ಮುಂದೆ ಹಾಸ್ಟೆಲು, ಆಮೇಲೆ ಬೆಂಗಳೂರಿನ ಕೆಲಸ. ಒಬ್ಬ ಮನುಷ್ಯನ ಭಾರಕ್ಕೇ ಉಕ್ಕು ಸೋಲುತ್ತದೆಂಬುದು ಪೂರ್ತಿ ನಿಜವಲ್ಲ. ವಯಸ್ಸು, ತುಕ್ಕು, ಹಳ್ಳಬಿದ್ದ ರಸ್ತೆ ಎಲ್ಲದರ ಪಾಲೂ ಅದರಲ್ಲಿದೆ. ಆದರೂ ಮಗ ಮತ್ತೆ ಪ್ರಶ್ನೆ ಕೇಳಲಿಲ್ಲ. ರಾಯರು ಗೇಟಿನಾಚೆ ಹೋಗುತ್ತಿದ್ದ ಸೊಪ್ಪಿನವಳನ್ನು ಕಾರಣವಿಲ್ಲದೆ ಕೂಗಿ ನಿಲ್ಲಿಸಿದರು.

ಪಟ್ಟಾಗಳೆರಡಕ್ಕೂ ಹೊಸದಾಗಿ ಬಾಗು ಕೊಡಿಸಿ ತರಲು ನಾಲ್ಕು ದಿನ ಹಿಡಿಯಿತು. ಒಂದಕ್ಕೆ ಮಾತ್ರ ಕೊಡಿಸಿದರೆ ಇನ್ನೊಂದು ಕಡೆ ವಾಲುತ್ತದೆಂದು ಮೇಸ್ತ್ರಿಯ ಹಟ. ಗಟ್ಟಿಗಳನ್ನು ತೆಗೆಸಿಬಿಡುವುದೆಂದು ಮಗ ಒಪ್ಪಿದ್ದ. ಆಗ ರಾಯರೇ, "ಪೂರ್ತಿ ಬೇಡ. ಒಂದಂಗುಲದ್ದು ಇಡಿ. ಅವನ ಹುಲಿಯೂ ಇರಲಿ" ಎಂದರು. ಅದಕ್ಕೆ ತಕ್ಕಂತೆ ಮುಂದಿನ ಸರಳುಗಳನ್ನೂ ಕೂರಿಸಿದ್ದಾಯಿತು. ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಚಕ್ರ ನೇತಾಡುವಾಗ ಬಿಗಿಯದೆ, ಕಾರನ್ನು ನೆಲಕ್ಕಿಳಿಸಿ ಹಿಂದೆಮುಂದೆ ಉರುಳಿಸಿ ಭಾರ ಕೂತ ಮೇಲೆಯೇ ಬಿಗಿದರು. ಇಲ್ಲವಾದರೆ ರಬ್ಬರು ತಿರುಚಿಕೊಂಡು ಮೈಯನ್ನು ಸುಳ್ಳು ಎತ್ತರದಲ್ಲಿ ಹಿಡಿದಿಡುತ್ತದೆ. ಎತ್ತರ ಬದಲಾದದ್ದರಿಂದ ಚಕ್ರಗಳ ಅಲೈನ್‌ಮೆಂಟನ್ನೂ ಮುಂದಿನ ದೀಪಗಳನ್ನೂ ಸರಿಪಡಿಸಬೇಕಾಯಿತು. ಆ ಕಥೆ ಬೇಡ.

ಕೊನೆಯ ಅಳತೆಗೆ ರಾಯರು ಬಲಗಡೆ ಕುಳಿತರು. ಮೇಸ್ತ್ರಿಯ ಕೈಸನ್ನೆಗೆ ಮಗ ಎಡಗಡೆ ಕುಳಿತ. ಟೇಪು ಎರಡು ಕಡೆಯೂ ಒಂದೇ ಅಂಕಿ ತೋರಿಸಿತು. ಮಗ ಇಳಿಯಲು ಬಾಗಿಲಿಗೆ ಕೈಹಾಕಿದ.

"ಕೂತಿರು. ಹೊಸ ಪಟ್ಟಾ ಸ್ವಲ್ಪ ಓಡಿ ಕೂರಬೇಕು. ಬೆಟ್ಟದ ಪಾದದವರೆಗೆ ಹೋಗಿಬರೋಣ" ಎಂದು ರಾಯರು ಕೀಲಿಕೈ ತಿರುಗಿಸಿದರು.